ಎಲ್ ವಾದೊಗೆ ಹಳ್ಳ ಬಂದ ವರ್ಷ

ಕಳೆದ ತಿಂಗಳು ಓಕ್ ಬ್ರೂಕ್‌ನ ಶಾಪಿಂಗ್ ಸೆಂಟರಿನಲ್ಲಿ ಒಂದು ಮೇಣದಬತ್ತಿ ಮೂಸಿ ನನಗೆ ಮೈಯೆಲ್ಲ ಉರಿದುಹೋಯಿತು. ಮೂಸಲು ಕೊಟ್ಟವಳು ಮಗಳು ನಿಧಿ. ಅವಳು ಶಿಕಾಗೊ ಹತ್ತಿರ ಕಾಲೇಜಿನಲ್ಲಿದ್ದಾಳೆ. ಆ ಸಂಜೆ ಅಲ್ಲೇ ಒಂದು ಹೋಟೆಲಿನಲ್ಲಿ ಕನ್ನಡದವರ ಸಮಾರಂಭ, ಅದರಲ್ಲಿ ಅವಳ ಹಾಡು. ಅದಕ್ಕೆಂದು ನಾನು ಮಿಶಿಗನ್‌ನಿಂದ ಡ್ರೈವ್ ಮಾಡಿಕೊಂಡು ಬಂದಿದ್ದೆ. ಹೊತ್ತು ಕಳೆಯಲು ಅಂಗಡಿ ಸುತ್ತುತ್ತಿದ್ದಾಗ ಅವಳು ಒಳಗೆ ಮೇಣ ತುಂಬಿದ ಒಂದು ಗಾಜಿನ ಬಟ್ಟಲಿನ ಮುಚ್ಚಳ ತೆಗೆದು ನನ್ನ ಮೂಗಿಗೆ ಹಿಡಿದಳು.

“ಅಮ್ಮಾ, ಸ್ಮೆಲ್ ದಿಸ್. ಇಟ್ಸ್ ಸೋ ನೈಸ್.”

ಬಟ್ಟಲಿನ ಮೇಲೆ ‘ಡೆಸರ್ಟ್ ರೇನ್’, ಮರುಭೂಮಿಯ ಮಳೆ, ಎಂದು ಚೀಟಿ ಅಂಟಿಸಿದ್ದರು. ಕೆಳಗೆ ಸಣ್ಣ ಅಕ್ಷರದಲ್ಲಿ, ಇದು ಮನಸ್ಸಿಗೆ ನೆಮ್ಮದಿ ತರುತ್ತದೆ ಎಂಬ ಅರ್ಥದ ಇನ್ನೊಂದು ಸಾಲು. ನೆಮ್ಮದಿಯಂತೆ! ಮರುಭೂಮಿಯಲ್ಲಿ ಬೆಳೆಯುವ ಒಂದು ಕುರುಚಲು ಗಿಡವಿದೆ, ಅಂಟಂಟು ಎಲೆ, ಹಳದಿ ಹೂವು. ಮಳೆ ಇನ್ನೂ ದೂರದಲ್ಲಿರುವಾಗಲೇ ತೇವದ ಗಾಳಿಗೆ ಅದು ವಾಸನೆ ಬಿಡುತ್ತದೆ, ಸ್ವಲ್ಪ ಡಾಂಬರು, ಸ್ವಲ್ಪ ಔಷಧಿ, ಸ್ವಲ್ಪ ಒದ್ದೆ ಮಣ್ಣು ಬೆರೆತ ಹಾಗೆ. ಆ ವಾಸನೆಯನ್ನು ಯಾರೋ ಪುಣ್ಯಾತ್ಮರು ಬಟ್ಟಲಿಗೆ ತುಂಬಿ ಮಾರಾಟಕ್ಕಿಟ್ಟಿದ್ದರು. ನಾನು ಅಲ್ಲೇ ನಿಂತುಬಿಟ್ಟೆ. ಆ ಸಂಜೆ ಸಮಾರಂಭದಲ್ಲಿ ಸನ್ಮಾನವಿದ್ದದ್ದು ನನ್ನ ಹಿಂದಿನ ಆಫೀಸಿನ ಪ್ರಕಾಶ್ ಸರ್‌ಗೆ. ಮೈಸೂರಿನ ಹತ್ತಿರ ಅವರು ಒಂದು ಕೆರೆಯ ಹೂಳೆತ್ತಿಸಿದ್ದಾರೆ, ಅದಕ್ಕಾಗಿ ‘ಜಲಸೇವಾ ಸನ್ಮಾನ’. ಆಹ್ವಾನ ಪತ್ರಿಕೆ ಫೋನಿಗೆ ಬಂದಾಗಿನಿಂದ ನನ್ನ ತಲೆ ಕೆಟ್ಟೇ ಇತ್ತು. ಮೇಣದಬತ್ತಿ ಅದಕ್ಕೆ ಬೆಂಕಿ ಹಚ್ಚಿತು, ಅಷ್ಟೆ.

ಕೆಲವು ವರ್ಷಗಳ ಹಿಂದೆ, ನಿಧಿ ಇನ್ನೂ ಹೈಸ್ಕೂಲಿನಲ್ಲಿದ್ದಾಗ, ನಾನು ಸೌತ್‌ಫೀಲ್ಡ್‌ನ ಒಂದು ಎತ್ತರದ ಕಟ್ಟಡದಲ್ಲಿದ್ದ ಇಂಜಿನಿಯರಿಂಗ್ ಕಂಪನಿಯಲ್ಲಿದ್ದೆ. ಮಳೆನೀರು ಎಲ್ಲಿ ಬೀಳುತ್ತದೆ, ಎಲ್ಲಿ ಹರಿದು ಹೋಗಬೇಕು ಎಂದು ಲೆಕ್ಕ ಹಾಕುವುದು ನನ್ನ ಕೆಲಸ. ಪ್ರಕಾಶ್ ಸರ್ ನನ್ನ ಮ್ಯಾನೇಜರ್. ಅವರು ಮೈಸೂರಿನವರು, ನಾನು ಹುನಗುಂದದ ಕಡೆಯವಳು. ಆಫೀಸಿನಲ್ಲಿ ಕನ್ನಡದವರು ನಾವಿಬ್ಬರೇ. ಅವರು ಬಹಳ ಒಳ್ಳೆಯವರು ಎಂದು ಎಲ್ಲರೂ ಹೇಳುತ್ತಾರೆ, ನಾನೂ ಹೇಳುತ್ತಿದ್ದೆ. ನಾವು ಮಿಶಿಗನ್‌ಗೆ ಬಂದ ಹೊಸತರಲ್ಲಿ ಮನೆ ಹುಡುಕಿಕೊಟ್ಟವರು ಅವರು. ನಿಧಿ ಹುಟ್ಟಿದಾಗ ಅವರ ಹೆಂಡತಿ ಬಾಣಂತಿಗೆಂದು ದಿನಾ ಮೆಣಸಿನ ಸಾರು ಕಳಿಸಿದ್ದರು. ಕೆಟ್ಟವರ ಮೇಲೆ ಸಿಟ್ಟು ಮಾಡುವುದು ಸುಲಭ. ಸಾರು ಕಳಿಸಿದವರ ಮೇಲೆ ಸಿಟ್ಟು ಬಂದರೆ ಅದನ್ನು ಇಟ್ಟುಕೊಳ್ಳಲು ಜಾಗವೇ ಸಿಗುವುದಿಲ್ಲ.

ಕಾರಿನೊಳಗಿನ ವೈರುಗಳನ್ನು ಹೆಣೆಯುವ ಒಂದು ಫ್ಯಾಕ್ಟರಿ ಮೆಕ್ಸಿಕೋದ ಉತ್ತರದ ಅಂಚಿನಲ್ಲಿ, ಎಲ್ ವಾದೊ ಎಂಬ ಗಡಿ ಊರಿನಲ್ಲಿತ್ತು. ಅದನ್ನು ದೊಡ್ಡದು ಮಾಡುವ ಕೆಲಸ ನಮ್ಮ ಕಂಪನಿಗೆ ಸಿಕ್ಕಿತು. ಪ್ರಕಾಶ್ ಸರ್ ನನ್ನನ್ನು ಕರೆದರು.

“ಶೋಭಾ, ನೀವು ಹೋಗಿ. ನೀವು ಆ ಕಡೆಯವ್ರು, ಬಿಸ್ಲು ಅಭ್ಯಾಸ ಇರತ್ತೆ. ನಮ್ಮಂಥೋರು ಅಲ್ಲಿ ಎರಡ್ ದಿನ ತಡಿಯಲ್ಲ.”

ನಾನು ನಕ್ಕು ಒಪ್ಪಿಕೊಂಡೆ. ಆಮೇಲೆ ಅವರು ಗೋಡೆಯ ಮೇಲೆ ತೋರಿಸಿದ ವೇಳಾಪಟ್ಟಿ ನೋಡಿ ನಗು ನಿಂತಿತು. ಮಿಶಿಗನ್‌ನಲ್ಲಿ ಮಣ್ಣಿನ ಕೆಲಸವೆಲ್ಲ ಬೇಸಿಗೆಯಲ್ಲೇ. ಚಳಿಗಾಲದಲ್ಲಿ ಇಲ್ಲಿ ನೆಲ ಹೆಪ್ಪುಗಟ್ಟಿ ಕಲ್ಲಾಗುತ್ತದೆ, ಅಗೆಯುವುದಕ್ಕೆ ಆಗುವುದಿಲ್ಲ. ಹಾಗಾಗಿ ಜೂನ್, ಜುಲೈ, ಆಗಸ್ಟ್ ಬಂದರೆ ಇಲ್ಲಿನ ಇಂಜಿನಿಯರುಗಳಿಗೆ ಸುಗ್ಗಿ. ಅದೇ ಪಟ್ಟಿಯನ್ನು ಎತ್ತಿ ಮರುಭೂಮಿಗೆ ಹಚ್ಚಿಬಿಟ್ಟಿದ್ದರು.

“ಸರ್, ಜುಲೈದಾಗ ಅಲ್ಲಿ ಮಳೆಗಾಲ ಅದರಿ. ಮಣ್ಣಿನ ಕೆಲಸ ಅಕ್ಟೋಬರ್ ಆದಮ್ಯಾಲ ಹಿಡೀಬೇಕ್ರಿ.”

“ಅಯ್ಯೋ, ಡೆಸರ್ಟ್‌ನಲ್ಲಿ ಎಂಥ ಮಳೆಗಾಲ ಕಣ್ರೀ? ಅಕ್ಟೋಬರ್ ಅಂದ್ರೆ ಹಿಂದೇನೇ ಸ್ನೋ ಶುರು ಆಗ್ಬಿಡತ್ತೆ.”

“ಅಲ್ಲಿ ಸ್ನೋ ಬೀಳಂಗಿಲ್ರಿ ಸರ್.”

ಅವರು ಒಂದು ಗಳಿಗೆ ನನ್ನನ್ನೇ ನೋಡಿ, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. “ಹೌದಲ್ವಾ! ಅಭ್ಯಾಸ ನೋಡಿ, ಹೆಂಗಿರತ್ತೆ!” ಮಧ್ಯಾಹ್ನ ಊಟದ ಹೊತ್ತಿಗೆ ಈ ಜೋಕು ಇಡೀ ಆಫೀಸಿಗೆ ಗೊತ್ತಾಗಿತ್ತು. ವೇಳಾಪಟ್ಟಿ ಮಾತ್ರ ಬದಲಾಗಲಿಲ್ಲ. ಯಂತ್ರಗಳನ್ನು ಆ ಪಟ್ಟಿಯಂತೆ ಬಾಡಿಗೆಗೆ ಹಿಡಿದಾಗಿತ್ತು, ಲಾರಿಗಳನ್ನು ಗೊತ್ತುಮಾಡಿ ಆಗಿತ್ತು. ಒಂದು ಪಟ್ಟಿ ತಪ್ಪು ಎಂದು ಗೊತ್ತಾಗಿ, ಅದಕ್ಕೆ ನಕ್ಕು, ಮತ್ತೆ ಅದರ ಪ್ರಕಾರವೇ ನಡೆಯುವ ಜನರನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಮೇ ತಿಂಗಳಲ್ಲಿ ಎಲ್ ವಾದೊಗೆ ಹೋಗಿ ಇಳಿದೆ. ಅಲ್ಲಿನ ಮುನಿಸಿಪಾಲಿಟಿ ಎಂದರೆ ನಮ್ಮ ಒಂದು ತಾಲ್ಲೂಕಿನಷ್ಟು ದೊಡ್ಡದು. ಊರು ಅಂಗೈಯಷ್ಟು, ಉಳಿದದ್ದೆಲ್ಲ ಕಲ್ಲುಗುಡ್ಡ, ಕಳ್ಳಿ, ಬಿಸಿಲು. ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಜಾಲಿ. ನಮ್ಮ ಕಡೆ ಬಳ್ಳಾರಿ ಜಾಲಿ ಎಂದು ಬೈದುಕೊಂಡು ಕಡಿಯುತ್ತೇವಲ್ಲ, ಅದರ ದಾಯಾದಿ. ಹೊಲ, ಕೆರೆದಂಡೆ ಎಲ್ಲ ಕಬಳಿಸಿದ ಆ ಮುಳ್ಳುಗಿಡದ ತವರುಮನೆ ಇದು ಎಂದು ಗೊತ್ತಾಗಿ, ಊರಿನವರನ್ನು ಕಂಡಷ್ಟೇ ಸಂತೋಷವಾಯಿತು. ದಕ್ಷಿಣಕ್ಕೆ ಬೆಟ್ಟಸಾಲು, ಉತ್ತರಕ್ಕೆ ಅಮೆರಿಕದ ಉಕ್ಕಿನ ಬೇಲಿ. ಬೆಟ್ಟದಿಂದ ಇಳಿದು ಊರಿನ ನಡುವೆ ಹಾದು, ಬೇಲಿ ದಾಟಿ ಅಮೆರಿಕಕ್ಕೆ ಹೋಗುವ ಒಂದು ಹಳ್ಳ. ಹಳ್ಳ ಎಂದರೆ ಮರಳು. ನಾನು ಹೋದಾಗ ಅದರಲ್ಲಿ ಒಂದು ತೊಟ್ಟು ನೀರಿರಲಿಲ್ಲ, ಹುಡುಗರು ಫುಟ್‌ಬಾಲ್ ಆಡುತ್ತಿದ್ದರು.

ಹಳ್ಳದ ದಂಡೆಯ ಮೇಲೆ ಹಸಿ ಇಟ್ಟಿಗೆಯ ಮನೆಗಳ ಒಂದು ಹಳೆಯ ಓಣಿಯಿತ್ತು. ಅಲ್ಲಿ ಎಲ್ವಿರಾ ಎಂಬವಳ ಮನೆಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದೆ. ಹೋಟೆಲು ಊರಾಚೆ ಇತ್ತು, ಮೇಲಾಗಿ ನನಗೆ ರೊಟ್ಟಿಯ ಆಸೆ. ಎಲ್ವಿರಾ ವಿಧವೆ, ಅರವತ್ತು ದಾಟಿದವಳು. ಬೋರಲು ಹಾಕಿದ ಬಾಣಲೆಯಂಥ ದೊಡ್ಡ ಹಂಚಿನ ಮೇಲೆ ಗೋಧಿಯ ರೊಟ್ಟಿ ಬೇಯಿಸಿ ಮಾರುತ್ತಿದ್ದಳು. ಹಿಟ್ಟನ್ನು ಕೈಯಿಂದ ಮೊಣಕೈಯವರೆಗೆ ಹರಡಿ ಹರಡಿ, ಆಚೆಯ ಬೆಳಕು ಕಾಣುವಷ್ಟು ತೆಳ್ಳಗೆ ಮಾಡುವಳು. ಬಾಯಿ ಬಹಳ ಜೋರು. ಅವಳ ಸ್ಪ್ಯಾನಿಷ್ ನನಗೆ ಅರ್ಧ ತಿಳಿಯುತ್ತಿತ್ತು, ಉಳಿದರ್ಧ ಧ್ವನಿಯಲ್ಲೇ ತಿಳಿಯುತ್ತಿತ್ತು. ನನ್ನ ಕಿವಿಗೆ ಅದು ನಮ್ಮೂರ ಹೆಂಗಸರ ಮಾತಾಗಿಯೇ ಬೀಳುತ್ತಿತ್ತು, ಹಾಗೇ ಬರೆಯುತ್ತೇನೆ. ನನ್ನನ್ನು ಅವಳು ಕರೆಯುತ್ತಿದ್ದದ್ದು ‘ಇಂಜಿನಿಯೆರಾ’ ಎಂದು. ಆ ಕರೆಯಲ್ಲಿ ಗೌರವ ಎಷ್ಟಿತ್ತೋ ಚುಚ್ಚು ಅಷ್ಟೇ ಇತ್ತು.

ಊರಿನ ಇತಿಹಾಸವನ್ನು ನಾನು ಕಲಿತದ್ದು ಅವಳಿಂದ, ಅದೂ ದಿನಕ್ಕೊಂದು ಥರ. ಎಲ್ ವಾದೊ ಎಂದರೆ ಹಳ್ಳ ದಾಟುವ ಜಾಗ. ಹೇಸರಗತ್ತೆಗಳ ಮೇಲೆ ಸರಕು ಸಾಗಿಸುವವರು ಗಟ್ಟಿನೆಲ ನೋಡಿ ಇಲ್ಲಿ ದಾಟುತ್ತಿದ್ದರು. ಹಳ್ಳ ಬಂದರೆ ಇಳಿಯುವ ತನಕ ದಂಡೆಯಲ್ಲೇ ಕಾಯಬೇಕು. ಕಾಯುವವರಿಗೆ ರೊಟ್ಟಿ ಬೇಕು, ನೆರಳು ಬೇಕು. ಹಾಗೆ ಊರು ಹುಟ್ಟಿತು. ಆಮೇಲೆ ಎರಡು ದೇಶಗಳು ಜಗಳವಾಡಿ, ದೂರದಲ್ಲೆಲ್ಲೋ ಕೂತವರು ಅಳತೆಕೋಲಿಟ್ಟು ಗೆರೆ ಎಳೆದರು. ಗೆರೆ ಹಳ್ಳವನ್ನು ಅಡ್ಡ ಕೊಯ್ದುಕೊಂಡು ಹೋಯಿತು. ಮೊದಲು ಗೆರೆಗುಂಟ ಕಲ್ಲುಗುಪ್ಪೆ ಇಟ್ಟರು, ಆಮೇಲೆ ತಂತಿ ಬಂತು, ಆಮೇಲೆ ಉಕ್ಕು. ನಡುವೆ ರೈಲು ಬಂತು, ತಾಮ್ರದ ಗಣಿ ಬಂತು, ಎರಡೂ ಹೋದವು. ರೈಲು ನಿಲ್ದಾಣದಲ್ಲಿ ಈಗ ಮುನಿಸಿಪಾಲಿಟಿ ಆಫೀಸು. ಕೊನೆಗೆ ಫ್ಯಾಕ್ಟರಿಗಳು ಬಂದವು. ತನ್ನ ಅಜ್ಜ ಗೆರೆ ಎಳೆಯಲು ಬಂದವರಿಗೆ ಕಲ್ಲು ಹೊಡೆದು ಓಡಿಸಿದ್ದ ಎನ್ನುತ್ತಿದ್ದಳು ಎಲ್ವಿರಾ. ಹಾಗಾದರೆ ಅಜ್ಜನಿಗೆ ಎಷ್ಟು ವಯಸ್ಸಾಗಿರಬೇಕು ಎಂದು ನಾನು ಲೆಕ್ಕ ಹಾಕಲು ಹೋದರೆ, “ನಿನ್ನ ಲೆಕ್ಕ ಫ್ಯಾಕ್ಟರಿಯಾಗ ಇಟಗೋ” ಎನ್ನುವಳು.

ಒಂದು ವಿಷಯವನ್ನು ನಾನು ಕಣ್ಣಾರೆ ನೋಡಿದೆ. ಉಕ್ಕಿನ ಬೇಲಿಯಲ್ಲಿ ಹಳ್ಳದ ಮೇಲೆ ಮಾತ್ರ ಗೇಟುಗಳಿದ್ದವು. ಮಳೆಗಾಲಕ್ಕೆ ಮೊದಲು ಆಚೆಯವರು ಬಂದು ಅವನ್ನು ಎತ್ತಿ ಕಟ್ಟಿ ಹೋಗುತ್ತಿದ್ದರು. ಒಂದು ನಾಯಿಯೂ ನುಸುಳದ ಹಾಗೆ ಬೇಲಿ ಹಾಕಿದವರು ಸಹ ಹಳ್ಳಕ್ಕೆ ಬಾಗಿಲು ಇಟ್ಟಿದ್ದರು. ನಮ್ಮ ಕಂಪನಿ ಇಡಲಿಲ್ಲ.

ಜೂನ್‌ನಲ್ಲಿ ಲಾರಿಗಳ ಓಡಾಟ ಶುರುವಾಯಿತು. ಹಳ್ಳದ ಆಚೆ ದಂಡೆಯ ಗುಡ್ಡದಿಂದ ಮಣ್ಣು ತಂದು ಈಚೆ ಫ್ಯಾಕ್ಟರಿಯ ತಗ್ಗು ತುಂಬಬೇಕು. ಸೇತುವೆ ಸುತ್ತಿ ಬಂದರೆ ತಡವಾಗುತ್ತದೆ ಎಂದು, ಬೇಲಿಗಿಂತ ಸ್ವಲ್ಪ ಮೇಲೆ, ಎಲ್ವಿರಾಳ ಓಣಿಗಿಂತ ಕೆಳಗೆ, ಹಳ್ಳಕ್ಕೆ ಅಡ್ಡಲಾಗಿ ಆಳೆತ್ತರದ ಮಣ್ಣಿನ ಒಡ್ಡು ಹಾಕಿ ರಸ್ತೆ ಮಾಡಿದರು. ತಳದಲ್ಲಿ ಎರಡು ಸಿಮೆಂಟ್ ಪೈಪು. ಮಿಶಿಗನ್‌ನಲ್ಲಿ ಮಳೆ ಗೊಣಗುತ್ತಾ ದಿನವಿಡೀ ಬೀಳುತ್ತದೆ, ಹುಲ್ಲಿನಲ್ಲಿ ಇಂಗಿ ಮೆಲ್ಲಗೆ ಹರಿಯುತ್ತದೆ. ಅಂಥ ನೀರಿಗೆ ಆ ಪೈಪು ಸಾಕು. ಮರುಭೂಮಿಯ ಹಳ್ಳ ಗೋಡೆಯಂತೆ ಎದ್ದು ಬರುತ್ತದೆ. ಇದನ್ನು ನಾನು ಬಾಯಲ್ಲಿ ಹೇಳಿದೆ, ಚಿತ್ರ ಬರೆದು ಹೇಳಿದೆ, ವಾರದ ಮೀಟಿಂಗಿನಲ್ಲಿ ಹೇಳಿದೆ. “ಟೆಂಪರರಿ ಅಲ್ವೇನ್ರೀ” ಎಂಬುದು ಪ್ರಕಾಶ್ ಸರ್ ಉತ್ತರ.

ಜೂನ್ ಕೊನೆಗೆ ಅಲ್ಲಿ ಸಾನ್ ಹುವಾನ್ ಹಬ್ಬ. ಆ ದಿನ ಓಣಿಯವರೆಲ್ಲ ಪೊರಕೆ, ಸಲಿಕೆ, ಮಚ್ಚು ಹಿಡಿದು ಒಣ ಹಳ್ಳಕ್ಕೆ ಇಳಿಯುತ್ತಾರೆ. ಮುರಿದ ಜಾಲಿಕೊಂಬೆ, ಹಳೇ ಟೈರು, ಕೆಟ್ಟ ಫ್ರಿಜ್ಜು, ಏನೇನು ಬಿದ್ದಿರುತ್ತದೋ ಎಲ್ಲ ಎತ್ತಿ ದಂಡೆಗೆ ಹಾಕುತ್ತಾರೆ. ನೀರಿಲ್ಲದ ಹಳ್ಳವನ್ನು ಅಂಗಳದ ಹಾಗೆ ಗುಡಿಸಿ ಬೇಲಿಯ ಗೇಟಿನ ತನಕ ಹೋಗಿ, ಅಲ್ಲಿ ಬಕೆಟಿನಿಂದ ಒಬ್ಬರ ಮೇಲೊಬ್ಬರು ನೀರು ಎರಚಿಕೊಂಡು ಮನೆಗೆ ಬರುತ್ತಾರೆ. ನೀರು ಬರುವ ದಾರಿಯನ್ನು ನೀರಿಗೆ ಮೊದಲು ಸಿದ್ಧ ಮಾಡುವ ಹಬ್ಬ. ನಾನೂ ಒಂದು ಸಲಿಕೆ ಹಿಡಿದು ಹೋದೆ. ಹಾಡಿಕೊಂಡು, ಬೈದಾಡಿಕೊಂಡು ಹೊರಟ ಗುಂಪು ನಮ್ಮ ಒಡ್ಡಿನ ಎದುರು ಬಂದು ನಿಂತಿತು. ಆ ವರ್ಷ ಗೇಟಿನ ತನಕ ಹೋಗಲು ಆಗಲಿಲ್ಲ.

“ಯಾವ ಹುಚ್ಚ ಹಾಕ್ಯಾನಿದನ್ನ?” ಎಲ್ವಿರಾ ನನ್ನ ಕಡೆ ತಿರುಗಿದಳು.

“ಲಾರಿ ಓಡಾಡಾಕ. ತಳದಾಗ ಪೈಪ್ ಅದಾವ” ಎಂದೆ. ನನಗೇ ನಾಚಿಕೆಯಾಯಿತು.

“ಹಳ್ಳ ಬಂದ್ರ ನೀರೊಂದ ಬರ್ತೈತೇನ? ಗಿಡಾ ಬರ್ತಾವ, ಕಲ್ಲು ಬರ್ತಾವ, ಸತ್ತ ದನಾ ಬರ್ತಾವ. ಇವೆಲ್ಲಾ ಆ ಪೈಪಿನ್ಯಾಗ ತೂರ್ತಾವೇನ? ನೀರು ತಿರುಗಿ ಎಲ್ಲಿ ಬರ್ಬೇಕು? ನನ್ನ ಅಡಗಿಮನಿಗಿ?” ಪೊರಕೆಯನ್ನು ಒಡ್ಡಿಗೆ ಒಗೆದಳು. “ನೀ ಅವರ ಪೈಕಿ ಇದ್ದೀ, ನೀನ ಹೇಳು ಅವರಿಗೆ.”

ಅಲ್ಲೇ ಹಳ್ಳದಲ್ಲಿ ನಿಂತು ಪ್ರಕಾಶ್ ಸರ್‌ಗೆ ಫೋನ್ ಮಾಡಿದೆ. ಒಡ್ಡು ತೆಗೆದರೆ ಲಾರಿಗಳು ಸುತ್ತಿ ಬರಬೇಕು, ಕೆಲಸ ತಡವಾಗುತ್ತದೆ, ಅಷ್ಟೆ. ತೆಗೆಯದಿದ್ದರೆ ಒಂದು ಓಣಿ ಹೋಗುತ್ತದೆ ಎಂದು ಬಿಡಿಸಿ ಹೇಳಿದೆ. ಅವರು ಬಹಳ ಸಮಾಧಾನದಿಂದ ಕೇಳಿ, “ನಾನೇ ಒಂದ್ಸಲ ಬಂದು ನೋಡ್ತೀನಿ, ತಲೆ ಕೆಡಿಸ್ಕೋಬೇಡಿ” ಎಂದರು.

ಬಂದರು. ಜುಲೈ ಮೊದಲ ವಾರ, ಒಂದೇ ದಿನಕ್ಕೆ. ಆಕಾಶದಲ್ಲಿ ಒಂದು ಮೋಡದ ಚೂರೂ ಇರಲಿಲ್ಲ. ಟೋಪಿ, ಕಪ್ಪು ಕನ್ನಡಕ ಹಾಕಿಕೊಂಡು ಒಡ್ಡಿನ ಮೇಲೆ ನಿಂತು ಎರಡೂ ಕಡೆ ನೋಡಿ, “ಎಲ್ರೀ ಶೋಭಾ ನೀರು?” ಎಂದು ಕೈ ಚೆಲ್ಲಿದರು. ಅದೇ ಭಂಗಿಯಲ್ಲಿ ಒಂದು ಫೋಟೋ ತೆಗೆಸಿಕೊಂಡರು. ಮಧ್ಯಾಹ್ನ ಎಲ್ವಿರಾಳ ಮನೆಯಲ್ಲಿ ಊಟ. ಹಸಿ ಇಟ್ಟಿಗೆಯ ಗೋಡೆ ಮುಟ್ಟಿ, “ಎಷ್ಟ್ ತಂಪಾಗಿದೆ!” ಎಂದರು. ರೊಟ್ಟಿ ತಿಂದು, “ನಮ್ಮ ಚಪಾತಿ ಥರಾನೇ, ಏನ್ ಸಾಫ್ಟು!” ಎಂದು ಮತ್ತೆ ಹಾಕಿಸಿಕೊಂಡರು. ಎಲ್ವಿರಾ ಹಂಚಿನ ಮುಂದಿನಿಂದಲೇ ನನಗೆ ಹೇಳಿದಳು: “ಕೇಳು ಅವನ್ನ, ಒಡ್ಡು ಎಂದು ತೆಗೀತಾನಂತ.”

ಕೇಳಿದೆ. ಪ್ರಕಾಶ್ ಸರ್ ಎದೆಯ ಮೇಲೆ ಕೈ ಇಟ್ಟುಕೊಂಡು ಅವಳ ಕಡೆ ನೋಡಿದರು. “ಎರಡೇ ವಾರ. ಫಿಲ್ಲಿಂಗ್ ಮುಗೀಲಿ, ನಾನೇ ನಿಂತು ತೆಗೆಸ್ತೀನಿ. ಪ್ರಾಮಿಸ್ ಅಂತ ಹೇಳಿ ಅವ್ರಿಗೆ.”

“ಸರ್, ಹಳ್ಳ ಎರಡು ವಾರ ಕಾಯಂಗಿಲ್ರಿ.”

“ನೀವ್ ಹೇಳಿ ರೀ, ಪಾಪ ಅವ್ರಿಗೆ ಧೈರ್ಯ ಬರ್ಲಿ.”

ನಾನು ಹೇಳಿದೆ. ಅದರ ಹಿಂದೆಯೇ, ನನಗೆ ನಂಬಿಕೆ ಇಲ್ಲ, ಬೆಲೆಬಾಳುವ ಸಾಮಾನೆಲ್ಲ ಬೇರೆ ಓಣಿಯಲ್ಲಿರುವ ನಿನ್ನ ಮಗಳ ಮನೆಗೆ ಸಾಗಿಸು ಎಂದೂ ಹೇಳಿದೆ. ಎಲ್ವಿರಾ ಎರಡೂ ಮಾತು ಕೇಳಿಕೊಂಡು, “ಬೆಲೆ ಬಾಳೂದು ಮನಿ. ಅದನ್ನ ಹ್ಯಾಂಗ ಸಾಗಸ್ಲಿ?” ಎಂದು ರೊಟ್ಟಿ ಮಗುಚಿದಳು. ಪ್ರಕಾಶ್ ಸರ್ ಆ ಸಂಜೆಯೇ ವಿಮಾನ ಹತ್ತಿದರು.

ಅವರು ಹೋದ ಮುಂದಿನ ವಾರ, ಊಟ ಮುಗಿಸಿ ಸೈಟಿಗೆ ಹೊರಟಿದ್ದೆ. ಅಂಗಳದಲ್ಲಿ ಆ ವಾಸನೆ ಬಂತು. ಮನೆ ಹಿಂದಿನ ಕುರುಚಲು ಗಿಡಗಳೆಲ್ಲ ಒಟ್ಟಿಗೆ ಉಸಿರು ಬಿಟ್ಟ ಹಾಗೆ. ತಲೆಯ ಮೇಲೆ ಸುಡುಬಿಸಿಲು, ಊರಿನಲ್ಲಿ ಒಂದು ಹನಿ ಇಲ್ಲ. ದಕ್ಷಿಣದ ಬೆಟ್ಟಗಳು ಮಾತ್ರ ಕಪ್ಪು ಮೋಡದಲ್ಲಿ ಕಾಣದಂತಾಗಿದ್ದವು. ಎಲ್ವಿರಾ ಹೊರಗೆ ಬಂದು ಮೂಗು ಎತ್ತಿ ಮೂಸಿದಳು. ಒಳಗೆ ಹೋಗಿ ಬಿಸಿ ಹಂಚನ್ನು ಬಟ್ಟೆಯಲ್ಲಿ ಹಿಡಿದು ಎತ್ತಿಕೊಂಡು ಬಂದಳು.

“ಹಳ್ಳ ಇಳದು ಬರಾಕತ್ತೈತಿ!” ಮೇಲಿನಿಂದ ಯಾರೋ ಕೂಗಿದರು. ನಮ್ಮೂರಲ್ಲಿ ಹಳ್ಳ ಬಂತು ಎನ್ನುತ್ತೇವಲ್ಲ, ಅವರದೂ ಅದೇ ಮಾತು. ಒಣಗಿದ ಎಲೆ, ಕೊಂಬೆ, ಕೆಂಪು ನೊರೆಗಳ ಒಂದು ದಿಂಡು ಮೊದಲು ಉರುಳಿಕೊಂಡು ಬಂತು, ಅದರ ಹಿಂದೆ ನೀರು. ಗುಡಿಸಿಟ್ಟ ಹಳ್ಳದಲ್ಲಿ ಅದು ಯಾರಿಗೂ ತೊಂದರೆ ಕೊಡದೆ ಓಣಿಯನ್ನು ದಾಟಿ ಹೋಯಿತು. ನಾನು ದಂಡೆಗುಂಟ ಒಡ್ಡಿನ ಕಡೆ ಓಡಿದೆ. ಅಲ್ಲಿ ಮುಟ್ಟುವ ಹೊತ್ತಿಗೆ ಬೆಟ್ಟದ ಜಾಲಿಯೆಲ್ಲ ಬಂದು ಆ ಎರಡು ಪೈಪುಗಳ ಬಾಯಿಗೆ ಜಡಿದುಕೊಂಡಿತ್ತು. ನೀರು ನಿಂತಿತು, ಏರಿತು, ಆಮೇಲೆ ತಿರುಗಿತು.

ಅಗೆಯುವ ಯಂತ್ರದವನು ಪಕ್ಕದಲ್ಲೇ ಇದ್ದ. ಸೌತ್‌ಫೀಲ್ಡ್‌ನಿಂದ ಮಾತು ಬರದೆ ಒಡ್ಡು ಮುಟ್ಟಬಾರದು ಎಂದು ಅವನಿಗೆ ಹೇಳಿದ್ದರು. ಪ್ರಕಾಶ್ ಸರ್‌ಗೆ ಫೋನ್ ಮಾಡಿದೆ, ಎತ್ತಲಿಲ್ಲ. ‘ಒಡ್ಡು ಒಡೆಯುತ್ತಿದ್ದೇವೆ’ ಎಂದು ಮೆಸೇಜ್ ಹಾಕಿ, ಯಂತ್ರದವನಿಗೆ ಕೂಗಿ ಹೇಳಿದೆ: “ಒಡಿ! ಕೇಳಿದ್ರ ನನ್ನ ಹೆಸರು ಹೇಳು!” ಅವನು ಅದಕ್ಕೇ ಕಾದಿದ್ದವನಂತೆ ಒಡೆದ. ಭೋರ್ಗರೆದುಕೊಂಡು ನೀರು ಬೇಲಿಯ ಗೇಟಿನ ಕೆಳಗೆ ಹಾದು ಅಮೆರಿಕಕ್ಕೆ ಹೋಯಿತು. ಓಣಿಯಲ್ಲಿ ಮೊಣಕಾಲುದ್ದ ನಿಂತಿದ್ದ ನೀರು ಇಳಿಯುತ್ತಾ ಬಂತು. ಜೀವ ಹೋಗಲಿಲ್ಲ, ಎಲ್ಲರೂ ಹೊರಗೆ ಬಂದಿದ್ದರು. ಆದರೆ ಹಸಿ ಇಟ್ಟಿಗೆಯ ಗೋಡೆ ಬುಡದಿಂದ ನೀರು ಕುಡಿದರೆ ಮುಗಿಯಿತು. ನಮ್ಮ ಕಡೆಯ ಮಣ್ಣಿನ ಮನೆ ಕಂಡವರಿಗೆ ಇದನ್ನು ಹೇಳಬೇಕಿಲ್ಲ.

ಎಲ್ವಿರಾ ಬೀದಿಯ ನಡುವೆ, ಹಂಚನ್ನು ಎದೆಗವಚಿಕೊಂಡು ನಿಂತಿದ್ದಳು. ಬಿಸಿಲು ಇನ್ನೂ ಇತ್ತು. ಮೊದಲು ಅಡುಗೆಮನೆಯ ಗೋಡೆಯ ಗಾರೆ ಉದುರಿತು. “ನಿಲ್ಲು” ಎಂದಳು ಗೋಡೆಗೆ. ಗೋಡೆಯಲ್ಲಿ ಬಿರುಕು ಓಡಿತು. “ನಿಲ್ಲು ಅಂದ್ನೆಲ್ಲಾ, ಇನ್ನೊಂಚೂರು ನಿಲ್ಲು, ನೀರು ಇಳ್ಯಾಕತ್ತೈತಿ.” ಮಕ್ಕಳನ್ನು ಗದರಿಸುವ ದನಿ. ಗೋಡೆ ಮೆಲ್ಲಗೆ ಮೊಣಕಾಲೂರಿ ಕೂತುಬಿಟ್ಟಿತು. ಅದರ ಮೇಲೆ ಮಾಳಿಗೆ ಬಿತ್ತು. ಸಂಜೆಯೊಳಗೆ ಓಣಿಯ ಅರ್ಧ ಮನೆಗಳು ಬಿದ್ದವು. ಗಿಡದ ವಾಸನೆಯೊಳಗೆ ನೆಂದ ಗೋಡೆಯ ವಾಸನೆ ಸೇರಿಕೊಂಡಿತು.

ಮರುದಿನ ಬೆಳಿಗ್ಗೆ ಪ್ರಕಾಶ್ ಸರ್ ಉತ್ತರ ಬಂತು: ‘ಓಕೆ, ಗೋ ಅಹೆಡ್.’ ಪಕ್ಕದಲ್ಲಿ ಒಂದು ಹೆಬ್ಬೆರಳು.

ಮುನಿಸಿಪಾಲಿಟಿ ಸಭೆ ಕರೆಯಿತು. ಹಳೆಯ ರೈಲು ನಿಲ್ದಾಣದ ಆ ಹಾಲ್‌ನಲ್ಲಿ ತೀರ್ಮಾನವಾಗಬೇಕಿದ್ದದ್ದು ಒಂದೇ. ಮಳೆಯಿಂದ ಮನೆ ಬಿತ್ತು ಎಂದಾದರೆ ಅದು ಓಣಿಯವರ ಹಣೆಬರಹ. ಒಡ್ಡಿನಿಂದ ಬಿತ್ತು ಎಂದಾದರೆ ಮನೆ ಕಟ್ಟಿಸಿಕೊಡಬೇಕಾದವರು ನಾವು. ಸಭೆಯ ಹಿಂದಿನ ದಿನ ಪ್ರಕಾಶ್ ಸರ್ ಫೋನ್ ಮಾಡಿದರು. ಕಂಪನಿ ಪರವಾಗಿ ಹೇಳುವ ಮಾತು ಸಿದ್ಧವಾಗಿದೆ, ಹಿಂದೆಂದೂ ಕಾಣದ ಮಳೆ ಎಂದು. ನಾನು ಸುಮ್ಮನೆ ಕೂತರೆ ಸಾಕು.

“ಸರ್, ಊರಾಗ ಒಂದು ಹನಿ ಬಿದ್ದಿಲ್ರಿ. ಒಣಗಾಕ ಹಾಕಿದ ಬಟ್ಟಿ ಹಾಂಗೇ ಇದ್ವು.”

“ಶೋಭಾ, ಕೇಳಿ. ಇಲ್ಲಿ ನನ್ ಕೆಲಸಾನೇ ಹೋಗತ್ತೆ. ನಾವ್ ನಾವು ಹೊರಗಿನವ್ರ ಮುಂದೆ ಬಿಟ್ಕೊಡಬಾರ್ದು ರೀ. ನಿಮಗೆ ನಾನೇನ್ ಕಮ್ಮಿ ಮಾಡಿದೀನಿ ಹೇಳಿ?”

“ನನಗೇನೂ ಕಮ್ಮಿ ಮಾಡಿಲ್ರಿ. ಆಕಿಗೆ ಪ್ರಾಮಿಸ್ ಮಾಡಿದ್ರಲ್ಲ, ಅದನ್ನ ಹೇಳ್ರಿ.”

ಅವರು ಫೋನ್ ಇಟ್ಟರು. ಸಭೆಯಲ್ಲಿ ಕಂಪನಿಯ ವಕೀಲ ಹಿಂದೆಂದೂ ಕಾಣದ ಮಳೆಯ ಬಗ್ಗೆ ಬಹಳ ಚೆನ್ನಾಗಿ ಮಾತಾಡಿದ. ಪ್ರಕಾಶ್ ಸರ್ ಪರದೆಯ ಮೇಲೆ ಸೌತ್‌ಫೀಲ್ಡ್‌ನಿಂದ ತಲೆದೂಗುತ್ತಿದ್ದರು. ಮುನಿಸಿಪಾಲಿಟಿಯ ಅಧ್ಯಕ್ಷೆ ನನ್ನ ಕಡೆ ನೋಡಿ ಕೇಳಿದಳು, ಇಂಜಿನಿಯೆರಾ ಏನು ಹೇಳುತ್ತಾಳೆ, ಮಳೆಯೋ ಒಡ್ಡೋ ಎಂದು. ಎದ್ದು ನಿಂತು ನನ್ನ ಹರಕು ಸ್ಪ್ಯಾನಿಷ್‌ನಲ್ಲಿ ಒಡ್ಡು ಎಂದೆ. ಹೇಗೆ ಎಂದಳು. ಹೇಗೆ ಎಂಬುದನ್ನೂ ಹೇಳಿದೆ.

ಅದರಿಂದ ಏನಾಯಿತು ಎಂದರೆ, ಮನೆ ಕಟ್ಟಿಸಿಕೊಡಬೇಕು ಎಂದಾಯಿತು. ಕಟ್ಟಿಸಿದರು. ಎಲ್ಲಿ? ಊರಾಚೆ ಗುಡ್ಡದ ಮೇಲೆ, ಸಿಮೆಂಟ್ ಬ್ಲಾಕಿನ ಎರಡೆರಡು ಕೋಣೆ, ನಲ್ಲಿಯಿಲ್ಲದ ಜಾಗ. ನೀರು ಟ್ಯಾಂಕರಿನಲ್ಲಿ ಬರುತ್ತದೆ, ಬಂದರೆ. ಓಣಿಯಿದ್ದ ಜಾಗ ಸುರಕ್ಷಿತವಲ್ಲ ಎಂದು ಖಾಲಿ ಮಾಡಿಸಿ, ಅದೇ ಜಾಗದಲ್ಲಿ ಫ್ಯಾಕ್ಟರಿಯ ಲಾರಿ ನಿಲ್ಲಿಸುತ್ತಾರೆ. ಹಳ್ಳ ದಾಟುವವರಿಗೆ ರೊಟ್ಟಿ ಕೊಟ್ಟು ಹುಟ್ಟಿದ ಊರು ಅದು. ಹಳ್ಳದ ದಂಡೆಯ ಮೇಲೆ ಈಗ ಒಂದು ಒಲೆಯಿಲ್ಲ. “ನೀರು ನನ್ನ ಮನಿ ತನಕಾ ಬರ್ಬಾರ್ದಂತ ಬೇಡ್ಕೊಂಡಿದ್ದೆ. ಈಗ ನೋಡು, ಬರೂದ ಇಲ್ಲ” ಎಂದು ಎಲ್ವಿರಾ ಫೋನಿನಲ್ಲಿ ನಗುತ್ತಾಳೆ. ಆ ನಗು ಕೇಳಲು ನನಗೆ ಆಗುವುದಿಲ್ಲ. ಇಂದಿಗೂ ಸಾನ್ ಹುವಾನ್ ದಿನ ಗುಡ್ಡ ಇಳಿದು ಬಂದು ಹಳ್ಳ ಗುಡಿಸುತ್ತಾಳಂತೆ.

ಪ್ರಕಾಶ್ ಸರ್ ಕೆಲಸ ಹೋಗಲಿಲ್ಲ. ಬಡ್ತಿ ಸಿಕ್ಕಿತು. ಕೆಲಸ ಬಿಟ್ಟವಳು ನಾನು. ಡೆಟ್ರಾಯಿಟ್ ಕಡೆಯ ನಮ್ಮ ಜನ ನನಗೆ ಮುಖ ತಿರುಗಿಸಿದರು. “ಎಷ್ಟಾದ್ರೂ ನಮ್ಮವ್ರು ಕಣಮ್ಮ, ಹಂಗ್ ಮಾಡಬಾರ್ದಿತ್ತು” ಎಂದು ದೇವಸ್ಥಾನದ ಪಾರ್ಕಿಂಗ್ ಲಾಟಿನಲ್ಲಿ ನಿಲ್ಲಿಸಿ ಬುದ್ಧಿ ಹೇಳಿದ ಆಂಟಿಯರೂ ಇದ್ದಾರೆ. ನಮ್ಮವರು! ಯಾರ ಗೋಡೆಗೆ ಒರಗಿ ಕೂತು, ಯಾರ ಕೈಯ ರೊಟ್ಟಿ ತಿಂದೆನೋ ಅವಳು ನಮ್ಮವಳಲ್ಲ, ಸಾರು ಕಳಿಸಿದವರು ಮಾತ್ರ ನಮ್ಮವರು. ಈ ಲೆಕ್ಕ ನನಗೆ ಅಂದೂ ತಿಳಿಯಲಿಲ್ಲ, ಇಂದೂ ತಿಳಿಯುವುದಿಲ್ಲ.

ಓಕ್ ಬ್ರೂಕ್‌ನಲ್ಲಿ ಆ ಮೇಣದಬತ್ತಿ ಕೊಂಡೆ. ಕಾರಿನಲ್ಲಿ ಕೂತು ಉಗುರಿನಿಂದ ಕೆರೆದು ಅದರ ಚೀಟಿ ಕಿತ್ತೆ. “ಅಮ್ಮಾ, ವಾಟ್ ಆರ್ ಯೂ ಡೂಯಿಂಗ್?” ಎಂದಳು ನಿಧಿ. “ಗಿಫ್ಟ್” ಎಂದೆ.

ಹೋಟೆಲಿನ ಹಾಲ್‌ನಲ್ಲಿ ಬೆಂಕಿ ಹಚ್ಚುವಂತಿಲ್ಲ ಎಂದು ಬ್ಯಾಟರಿಯ ದೀಪಗಳನ್ನು ಇಟ್ಟಿದ್ದರು. ವೇದಿಕೆಯ ಮೆಟ್ಟಿಲ ಬಳಿ ಪ್ರಕಾಶ್ ಸರ್, ರೇಷ್ಮೆ ಜುಬ್ಬಾ, ಕೂದಲು ಪೂರ್ತಿ ಬೆಳ್ಳಗಾಗಿದೆ. ನನ್ನನ್ನು ಕಂಡು ಎರಡೂ ಕೈ ಚಾಚಿದರು.

“ಶೋಭಾ! ಎಷ್ಟ್ ವರ್ಷ ಆಯ್ತ್ರೀ! ಇನ್ನೂ ಕೋಪಾನಾ ನನ್ ಮೇಲೆ?”

“ಹೌದ್ರಿ” ಎಂದೆ. ಅವರು ಅದನ್ನು ತಮಾಷೆ ಎಂದುಕೊಂಡು ನಕ್ಕರು. ಬಟ್ಟಲು ಮುಂದೆ ಹಿಡಿದೆ. “ತಗೋರಿ ಸರ್, ನಿಮಗಂತ ತಂದೀನಿ.”

ಮುಚ್ಚಳ ತೆಗೆದು, ಕಣ್ಣು ಮುಚ್ಚಿ, ಎದೆ ತುಂಬ ಉಸಿರೆಳೆದುಕೊಂಡರು.

“ಆಹಾ! ಏನ್ ಪರಿಮಳ ರೀ! ಮಲ್ಲಿಗೆ ಅಲ್ಲ, ಗಂಧಾನೂ ಅಲ್ಲ. ಏನಿದು?”

ಅವರ ಮುಖವನ್ನೇ ನೋಡಿದೆ. ನಟನೆ ಅಲ್ಲ. ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಗೊತ್ತಾಗುವುದಾದರೂ ಹೇಗೆ? ಯಾವ ಮಳೆಯನ್ನು ಹಿಂದೆಂದೂ ಕಾಣದ ಮಳೆ ಎಂದು ಹೇಳಿಸಿದರೋ ಆ ಮಳೆಯನ್ನು ಅವರು ಒಮ್ಮೆಯೂ ಕಂಡಿರಲಿಲ್ಲ.

“ಎಲ್ ವಾದೊದ ಮಳಿ ಸರ್” ಎಂದೆ. “ಎಲ್ವಿರಾನ ಮನಿ ಬಿದ್ದ ದಿನದ್ದು.”

ನಗು ಅವರ ಮುಖದಲ್ಲಿ ಹಾಗೇ ಉಳಿಯಿತು, ಕಣ್ಣು ಮಾತ್ರ ಆ ಕಡೆ ಈ ಕಡೆ ಹೋಯಿತು. ಬಟ್ಟಲನ್ನು ತಿರುಗಿ ಕೊಡಲು ಬಂದರು, ನಾನು ಕೈ ಚಾಚಲಿಲ್ಲ. ಅಷ್ಟರಲ್ಲಿ ಮೈಕಿನಲ್ಲಿ ಅವರ ಹೆಸರು ಕೂಗಿದರು, ನೀರಿನ ಬೆಲೆ ಬಲ್ಲವರು ಎಂದು. ಇಡಲು ಜಾಗ ಕಾಣದೆ ಕೈಯಲ್ಲಿ ಹಿಡಿದುಕೊಂಡೇ ಮೆಟ್ಟಿಲು ಹತ್ತಿದರು, ಹಿಡಿದುಕೊಂಡೇ ಶಾಲು ಹೊದೆಸಿಕೊಂಡರು. ಹಾಲ್ ತುಂಬ ಚಪ್ಪಾಳೆ.

ನಿಧಿ ನನ್ನ ಪಕ್ಕಕ್ಕೆ ಬಂದು ಕಿವಿಯಲ್ಲಿ ಕೇಳಿದಳು. “ಡಿಡ್ ಹೀ ಲೈಕ್ ಇಟ್? ವಾಟ್ ಡಿಡ್ ಹೀ ಸೇ?”

“ಏನ್ ಪರಿಮಳ ಅಂದ್ರು” ಎಂದೆ.